ಅಂಕಪಟ್ಟಿಯೂ ಅಂಕಚಕ್ರವೂ: ಸಿರಿಭೂವಲಯದ ಪಾಠವಿಮರ್ಶೆಗೆ ಒಂದು ಸೂಚನೆ

ಕುಮುದೇಂದು ಮುನಿಯ ಸಿರಿಭೂವಲಯವು ಅಕ್ಷರಗಳಿಲ್ಲದೆ ಕೇವಲ ಅಂಕಗಳಿಂದ ಬರೆದ ಕಾವ್ಯವೆಂಬುದು ವಾಚಕರಿಗೆ ವಿದಿತವೇ ಆಗಿದೆ. ಪಂಡಿತ ಯಲ್ಲಪ್ಪ ಶಾಸ್ತ್ರಿಗಳೂ ಕರ್ಲಮಂಗಲಂ ಶ್ರೀಕಂಠಯ್ಯನವರೂ 1953ರಲ್ಲಿ ಇದನ್ನು ಪ್ರಕಾಶಕ್ಕೆ ತಂದಂದಿನಿಂದ ಒಂದು ಪಕ್ಷದವರು ಇದನ್ನು ಸರ್ವಜ್ಞಾನದ ಭಂಡಾರವೆಂದು ಕೊಂಡಾಡುತ್ತಲೂ, ಮತ್ತೊಂದು ಪಕ್ಷದವರು ಕೈಯಿಂದಲೂ ಮುಟ್ಟದೆ ತಳ್ಳಿಹಾಕುತ್ತಲೂ ಬಂದಿರುವರು. ಈಚೆಗೆ ಬೈಲಹೊಂಗಲದ ಅಧ್ಯಾಪಕ ಮಿತ್ರರೊಬ್ಬರು ಇದರ ಒಂದು ಚಕ್ರವನ್ನು ಗಣಕಯಂತ್ರದಲ್ಲಿಟ್ಟು ತೋರಿಸಿ, “ಯಂತ್ರವು ಓದಿದ ಮೇಲೆ ಇನ್ನು ಸಂಶಯವೇಕೆ?” ಎಂದು ಕೇಳಿದರು. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣವು.

ಮೊದಲು ಗ್ರಂಥದ ರಚನೆಯನ್ನು ನೋಡೋಣ. 27 ಸ್ವರಗಳು, 33 ವ್ಯಂಜನಗಳು, 4 ಯೋಗವಾಹಗಳು, ಹೀಗೆ 64 ಧ್ವನಿಗಳಿಗೆ 1ರಿಂದ 64ರ ವರೆಗಿನ ಅಂಕಗಳು ಸಂಕೇತಗಳಾಗಿರುವವು. ಚಕ್ರವೊಂದಕ್ಕೆ ಅಡ್ಡ 27, ಉದ್ದ 27, ಒಟ್ಟು 729 ಮನೆಗಳು. ಇವನ್ನು ಸಾಲುಸಾಲಾಗಿ ಓದದೆ, ಬಂಧವು ವಿಧಿಸಿದ ಹಾದಿಯಲ್ಲಿ ಓದಿದರೆ ಸಾಂಗತ್ಯದ ಪದ್ಯಗಳು ಹೊರಡುವವು. ಆ ಪದ್ಯಗಳ ಆದ್ಯಕ್ಷರಗಳನ್ನು ಮೇಲಿನಿಂದ ಕೆಳಗೆ ಓದಿದರೆ ಪ್ರಾಕೃತವೂ, ನಡುವಣ ಅಕ್ಷರಗಳಿಂದ ಸಂಸ್ಕೃತವೂ ದೊರೆಯುವವೆಂದು ಸಂಪಾದಕರು ತೋರಿಸಿರುವರು. ಅಂದಮೇಲೆ ಇಲ್ಲಿ ಅಂಕಗಳಷ್ಟೇ ಅಲ್ಲ, ಅವುಗಳ ವಿನ್ಯಾಸವೂ ಅರ್ಥಕ್ಕೆ ಆಧಾರವಾಗಿದೆ.

ಗಣಕಶಾಸ್ತ್ರದಲ್ಲಿಯೂ ಈ ಭೇದವು ಪ್ರಸಿದ್ಧವಾದದ್ದು. ಪೈಥಾನ್ ಭಾಷೆಯಲ್ಲಿ ಲಿಸ್ಟ್ ಎಂಬುದೊಂದು ಪಟ್ಟಿ. ಅದರಲ್ಲಿ ಅಂಕ, ಅಕ್ಷರ, ಮತ್ತೊಂದು ಪಟ್ಟಿ, ಏನನ್ನಾದರೂ ತುಂಬಬಹುದು. ನಂಪೈ ಎಂಬ ಗಣಿತಸಾಧನದ ಅರೇ ಹಾಗಲ್ಲ; ಅದರ ಘಟಕಗಳು ಸಾಮಾನ್ಯವಾಗಿ ಒಂದೇ ಜಾತಿಯವಾಗಿರಬೇಕು, ಆಕಾರವು ನಿಯತವಾಗಿರಬೇಕು. 729 ಅಂಕಗಳ ಪಟ್ಟಿಯು 27ರ ಚೌಕವಾಗುವದು. ಒಂದು ಅಂಕವು ಲೋಪವಾದರೆ ಯಂತ್ರವು ಒಲ್ಲೆನೆನ್ನುವದು. ಅಂಕಗಳ ನಡುವೆ ಒಂದೇ ಒಂದು ಅಕ್ಷರವು ಸೇರಿದರೆ ಎಲ್ಲ ಅಂಕಗಳೂ ಅಕ್ಷರರೂಪವನ್ನು ತಾಳಿ, ಕೂಡಿಸಲೂ ಬಾರದಂತಾಗುವವು. ಅಡ್ಡಸಾಲಿನಿಂದ ತುಂಬಿದ ಚೌಕವೇ ಬೇರೆ, ಕಂಬಸಾಲಿನಿಂದ ತುಂಬಿದ ಚೌಕವೇ ಬೇರೆ. ಯಾವ ಕ್ರಮವೆಂಬುದನ್ನು ಮನುಷ್ಯನೇ ಹೇಳಬೇಕು.

ಹಸ್ತಪ್ರತಿಯಲ್ಲಿ ಹುಳು ತಿಂದ ಮನೆಯೊಂದಿದೆಯೆನ್ನೋಣ. ಅಲ್ಲಿ ಸೊನ್ನೆಯನ್ನಿಟ್ಟರೆ ಚೌಕವು ಪೂರ್ಣವಾಗಿ ಕಾಣುವದು, ಆದರೆ ಅದು ಕಲ್ಪಿತ ಪಾಠವಾಗುವದು. ತ್ರುಟಿತವೆಂಬ ಗುರುತನ್ನಿಟ್ಟರೆ ಪೂರ್ಣಾಂಕಗಳೆಲ್ಲ ದಶಾಂಶರೂಪಕ್ಕೆ ತಿರುಗುವವು. ನೋಡಲು ಇದು ಅಂದಗೇಡು, ಆದರೂ ಪ್ರಾಮಾಣಿಕವಾದದ್ದು. ಇನ್ನೊಂದು ಮಾತು: ಪಟ್ಟಿಯಿಂದ ಅರೇ ಮಾಡಿದಾಗ ಹೊಸ ಪ್ರತಿಯೇ ಹುಟ್ಟುವದು, ಆದರೆ ಅರೇಯ ಆಕಾರವನ್ನು ಮಾತ್ರ ಬದಲಿಸಿದಾಗ ಬಹುಧಾ ಪ್ರತಿಯಾಗದೆ ಅದೇ ಮೂಲವು ಬೇರೆ ನೋಟದಲ್ಲಿ ಕಾಣುವದು. ಅಲ್ಲಿ ತಿದ್ದಿದರೆ ಮೂಲವೇ ಕೆಡುವದು. ಪಾಠಾಂತರಗಳನ್ನು ಮೂಲದ ಮೇಲೆಯೇ ಬರೆಯಬಾರದೆಂದು ನಮ್ಮ ಗುರುಗಳು ಹೇಳುತ್ತಿದ್ದ ಮಾತಿಗೆ ಇಲ್ಲಿ ಹೊಸ ನಿದರ್ಶನವು ಸಿಕ್ಕಿತು.

ನಮ್ಮ ಸೀಮೆಯ ಉದಾಹರಣೆಯೊಂದನ್ನು ಕೊಡುವೆನು. ಸುಗಂಧವರ್ತಿ, ಎಂದರೆ ಈಗಿನ ಸವದತ್ತಿಯ 980ನೆಯ ಇಸವಿಯ ಶಾಸನದಲ್ಲಿ ರಟ್ಟ ಶಾಂತಿವರ್ಮನು ಜಿನಾಲಯಕ್ಕೆ 150 ಮತ್ತರು ಭೂಮಿಯನ್ನು ಬಿಟ್ಟ ಸಂಗತಿಯಿದೆ. ಆದರೆ ಮತ್ತರಿನ ಪ್ರಮಾಣವು ಅಳೆಯುವ ಕೋಲಿನಂತೆ ಪ್ರದೇಶಕ್ಕೊಂದಾಗಿರುತ್ತಿತ್ತು. ಶಾಸನವು ದಾನಿ, ತಿಥಿ, ಕೋಲು, ಮತ್ತರು ಎಲ್ಲವನ್ನೂ ಹೊತ್ತ ಪಟ್ಟಿ. ಅದರಿಂದ 150 ಎಂಬುದನ್ನು ಮಾತ್ರ ಕಿತ್ತು ಬೇರೆ ಊರುಗಳ ಅಂಕಗಳೊಡನೆ ಅರೇಯಲ್ಲಿ ಕೂಡಿಸಿದರೆ ಮೊತ್ತವು ಬರುವದು, ಭೂಮಿಯು ಬಾರದು.

ಹಾಗಾದರೆ ರೂಪಾಂತರಕ್ಕೆ ಪ್ರಮಾಣವೇನು? ವೇದಪಾಠಿಗಳು ಸಂಹಿತೆಯನ್ನು ಪದವಾಗಿಯೂ, ಪದವನ್ನು ಕ್ರಮ, ಜಟಾ, ಘನಗಳಾಗಿಯೂ ಮಾರ್ಪಡಿಸುವರು. ಅವರ ವಿಧಿಯು ಮೊದಲೇ ನಿಯತವಾಗಿದೆ. ಮೇಲಾಗಿ ಘನದಿಂದ ಸಂಹಿತೆಗೆ ಒಂದಕ್ಷರವೂ ಕಳೆಯದಂತೆ ಮರಳಬಹುದು. ವಿಧಿಯ ಪೂರ್ವನಿಯಮ, ಮೂಲಕ್ಕೆ ಮರಳುವ ಹಾದಿ, ಇವೆರಡೇ ಪ್ರಮಾಣಗಳು.

ಇವುಗಳಿಂದ ಅಳೆದರೆ, ಬಂಧವನ್ನು ಮೊದಲೇ ಗೊತ್ತುಪಡಿಸಿ ಓದಿದ ಕನ್ನಡ ಸಾಂಗತ್ಯಗಳು ಆದರಾರ್ಹವಾದವು. ಆದರೆ 718 ಭಾಷೆಗಳು ಅಡಗಿವೆಯೆಂಬ ಮಾತನ್ನು ಇದೇ ಒರೆಗಲ್ಲಿಗೆ ಹಚ್ಚಬೇಕು. ಬೇಕಾದ ಶಬ್ದವು ಸಿಕ್ಕುವ ವರೆಗೆ ಹಾದಿಯನ್ನು ಬದಲಿಸುತ್ತ ಹೋದರೆ 729 ಮನೆಗಳಲ್ಲಿ ಏನು ತಾನೇ ಸಿಕ್ಕದು? ಅದು ಕವಿಯ ಬಂಧವಲ್ಲ, ಓದುಗನ ಬಂಧ. ಗ್ರಂಥದ ಕಾಲವನ್ನೂ ಚಕ್ರದ ಚಮತ್ಕಾರದಿಂದ ನಿರ್ಣಯಿಸಲಾಗದು. ಅದನ್ನು ಹೇಳಬೇಕಾದದ್ದು ಭಾಷೆಯೂ ಛಂದಸ್ಸೂ.

ಮಿತ್ರರಿಗೆ ನಾನು ಕೊಟ್ಟ ಉತ್ತರವಿಷ್ಟೆ: ಯಂತ್ರವು ಓದಲಿಲ್ಲ, ನಾವು ಕೊಟ್ಟ ಹಾದಿಯಲ್ಲಿ ನಡೆಯಿತು. ಅಂಕಪಟ್ಟಿ, ತುಂಬಿದ ಕ್ರಮ, ಓದಿದ ಹಾದಿ, ತ್ರುಟಿತ ಸ್ಥಾನಗಳು, ಈ ನಾಲ್ಕನ್ನೂ ಪ್ರತಿಯೊಂದು ಪಾಠದ ಜೊತೆಯಲ್ಲಿ ಅಚ್ಚುಮಾಡಿದರೆ ಬೈಲಹೊಂಗಲದಲ್ಲಿ ದೊರೆತ ಪದ್ಯವು ರಾಮದುರ್ಗದಲ್ಲಿಯೂ ದೊರೆಯಬೇಕು. ದೊರೆತರೆ ಅದು ಕುಮುದೇಂದುವಿನದೆಂದು ವಿಚಾರಿಸಲು ಯೋಗ್ಯವು, ದೊರೆಯದಿದ್ದರೆ ನಮ್ಮದು. ಈ ಕಾರ್ಯವನ್ನು ತರುಣ ಅಧ್ಯಾಪಕರು ಕೈಕೊಳ್ಳಬೇಕೆಂದು ಪ್ರಾರ್ಥನೆ.