ಮೈಕ್ ಕಿಲೋ ಸೆವೆನ್ ತ್ರೀ: ಕಾಫಿ ಗುಡ್ಡದಲ್ಲಿ ಹ್ಯಾಮ್ ವಾರಾಂತ್ಯ

ಕಳಸದ ಪೇಟೆಬೀದಿಯಲ್ಲಿ ನಿಂತು ಐದು ವಾಟಿನ ಕೈರೇಡಿಯೊದಲ್ಲಿ ಎಷ್ಟು ಕೂಗಿ ಕರೆದರೂ ದನಿ ಸುತ್ತಲಿನ ಗುಡ್ಡಕ್ಕೆ ಬಡಿದು ಅಲ್ಲಿಗೇ ಮುಗಿಯುತ್ತದೆ. ಅದೇ ರೇಡಿಯೊವನ್ನು ಮುಳ್ಳಯ್ಯನಗಿರಿಯ ಮೆಟ್ಟಿಲು ಹತ್ತಿಸಿ ಮೆಲ್ಲಗೆ ಕರೆಯಿರಿ. ಅರಸೀಕೆರೆಯಲ್ಲೋ ಹಾಸನದಲ್ಲೋ ಮನೆಯ ತಾರಸಿ ಮೇಲೆ ಆಂಟೆನಾ ಕಟ್ಟಿಕೊಂಡ ಹ್ಯಾಮ್ ಒಬ್ಬರಿಗೆ ಪಕ್ಕದ ಕೋಣೆಯಿಂದ ಮಾತಾಡಿದಷ್ಟು ಸ್ಪಷ್ಟವಾಗಿ ಕೇಳಿಸೀತು. ಸೆಟ್ಟು ಅದೇ, ಬ್ಯಾಟರಿ ಅದೇ. ನಿಂತ ಜಾಗ ಮಾತ್ರ ಬೇರೆ. ಇಂಥ ರೇಡಿಯೊಗಳು ಬಳಸುವ ವಿಎಚ್‌ಎಫ್ ಅಲೆಗಳ ಸ್ಪರ್ಧೆಯಲ್ಲಿ ಅರ್ಧ ಆಟವನ್ನು ಗುಡ್ಡವೇ ಆಡುತ್ತದೆ. ಹೊಸದಾಗಿ ಕೇಳಲು ಕೂತವರು ಮೊದಲು ಕಿವಿಗೊಡಬೇಕಾದದ್ದು ಈ ಗುಡ್ಡಕ್ಕೆ.

ಹವ್ಯಾಸಿ ರೇಡಿಯೊದವರ, ಅಂದರೆ ಹ್ಯಾಮ್‌ಗಳ, ಲೋಕದಲ್ಲಿ ವಾರಾಂತ್ಯದ ಸ್ಪರ್ಧೆಗಳು ಹಳೆಯ ಸಂಪ್ರದಾಯ. ಯುರೋಪಿನ ದೊಡ್ಡ ವಿಎಚ್‌ಎಫ್ ಸ್ಪರ್ಧೆ ಸೆಪ್ಟೆಂಬರಿನ ಮೊದಲ ವಾರಾಂತ್ಯದಲ್ಲಿ ಇಪ್ಪತ್ತನಾಲ್ಕು ಗಂಟೆ ನಡೆಯುತ್ತದೆ. ನಮ್ಮ ಗಡಿಯಾರದಲ್ಲಿ ಶನಿವಾರ ಸಂಜೆ ಏಳೂವರೆಗೆ ಶುರು. ಅಮೆರಿಕದ್ದು ಜೂನ್ ತಿಂಗಳಲ್ಲಿ, ಮಲೆನಾಡಿಗೆ ಮಳೆ ಹಿಡಿಯುವ ಹೊತ್ತಿಗೆ. ಆ ಸ್ಪರ್ಧೆಗಳ ದನಿ ಇಲ್ಲಿಗೆ ತಲುಪುವುದಿಲ್ಲ. ಆದರೆ ಆಟದ ಕ್ರಮವನ್ನು ತರಲು ವೀಸಾ ಬೇಕಿಲ್ಲ. ನಾಲ್ಕೈದು ಹ್ಯಾಮ್‌ಗಳು ಮಾತಾಡಿಕೊಂಡು, ಇಂಥ ಭಾನುವಾರ ಬೆಳಿಗ್ಗೆ ಆರರಿಂದ ಹತ್ತು ಎಂದು ಗೊತ್ತುಮಾಡಿ, ಒಬ್ಬೊಬ್ಬರು ಒಂದೊಂದು ಗುಡ್ಡ ಹತ್ತಿದರೆ ಸ್ಪರ್ಧೆಯಾಯಿತು.

ಮೊದಲ ಸಲ ಕೇಳುವವರಿಗೆ ನಿರಾಸೆಯಾಗುವುದು ಸಹಜ. ಇಷ್ಟು ಕಷ್ಟಪಟ್ಟು ಗುಡ್ಡ ಹತ್ತಿದವರು ಆಡುವುದು ಹತ್ತು ಸೆಕೆಂಡಿನ ಮಾತು. ಒಬ್ಬರು ತಮ್ಮ ಕರೆಹೆಸರು ಹೇಳಿ ‘ಸಿಕ್ಯೂ ಕಾಂಟೆಸ್ಟ್’ ಎನ್ನುತ್ತಾರೆ. ಯಾರಾದರೂ ಇದ್ದೀರಾ ಎಂದು ಅರ್ಥ. ಇನ್ನೊಬ್ಬರು ಓಗೊಡುತ್ತಾರೆ. ‘ಫೈವ್ ನೈನ್, ಮೈಕ್ ಕಿಲೋ ಸೆವೆನ್ ತ್ರೀ.’ ಅತ್ತಣಿಂದಲೂ ಅಂಥದೇ ಉತ್ತರ. ‘ಥ್ಯಾಂಕ್ಯೂ, ಸೆವೆಂಟಿ ತ್ರೀ.’ ಅಲ್ಲಿಗೆ ಸಂಪರ್ಕ ಮುಗಿಯಿತು, ಲಾಗ್ ಪುಸ್ತಕದಲ್ಲಿ ಒಂದು ಸಾಲು ಏರಿತು.

ಇದರಲ್ಲಿ ‘ಫೈವ್ ನೈನ್’ ಎಂಬುದು ಹೆಚ್ಚಾಗಿ ಸುಳ್ಳು. ದನಿ ಎಷ್ಟು ಸ್ಪಷ್ಟ, ಎಷ್ಟು ಜೋರು ಎಂದು ತಿಳಿಸುವ ಅಂಕ ಅದು. ಆದರೆ ಸ್ಪರ್ಧೆಯ ಗಡಿಬಿಡಿಯಲ್ಲಿ ಎಲ್ಲರೂ ಎಲ್ಲರಿಗೂ ಪೂರ್ತಿ ಅಂಕವನ್ನೇ ಕೊಡುತ್ತಾರೆ, ಮದುವೆ ಮನೆಯಲ್ಲಿ ‘ಊಟ ಚೆನ್ನಾಗಿತ್ತು’ ಅಂದಹಾಗೆ. ‘ನಿಮ್ಮ ಹೆಸರು ಇನ್ನೊಮ್ಮೆ ಹೇಳಿ, ಫೈವ್ ನೈನ್’ ಎಂದು ಒಂದೇ ಉಸಿರಿಗೆ ಹೇಳುವವರೂ ಇದ್ದಾರೆ. ನಿಜವಾದ ಸರಕು ಆಮೇಲೆ ಬರುವ ‘ಮೈಕ್ ಕಿಲೋ ಸೆವೆನ್ ತ್ರೀ’. ಅದು ಊರಿನ ವಿಳಾಸ.

ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಹೆಸರಿಟ್ಟ ಈ ಪದ್ಧತಿ ರೂಪುಗೊಂಡದ್ದು 1980ರಲ್ಲಿ, ಇಂಗ್ಲೆಂಡಿನ ಮೇಡನ್‌ಹೆಡ್ ಎಂಬ ಊರಿನಲ್ಲಿ ಸೇರಿದ್ದ ವಿಎಚ್‌ಎಫ್ ಪರಿಣತರ ಸಭೆಯಲ್ಲಿ. ಒಂದೊಂದು ಚೌಕವೂ ಎರಡು ಡಿಗ್ರಿ ರೇಖಾಂಶ ಅಗಲ, ಒಂದು ಡಿಗ್ರಿ ಅಕ್ಷಾಂಶ ಎತ್ತರ. ನಮ್ಮ ಕಡೆ ಲೆಕ್ಕ ಹಾಕಿದರೆ ಪೂರ್ವ ಪಶ್ಚಿಮ ಸುಮಾರು 216 ಕಿಲೋಮೀಟರ್, ಉತ್ತರ ದಕ್ಷಿಣ 111. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಮೂರೂ ಬೀಳುವುದು ಎಂಕೆ 73ರಲ್ಲಿ, ಅಂದರೆ ‘ಮೈಕ್ ಕಿಲೋ ಸೆವೆನ್ ತ್ರೀ’ಯಲ್ಲಿ. ಶೃಂಗೇರಿ, ಶಿವಮೊಗ್ಗ, ಘಟ್ಟದ ಕೆಳಗಿನ ಉಡುಪಿ ಕೂಡ ಅದರೊಳಗೇ. ತಮಾಷೆಯೆಂದರೆ ಹ್ಯಾಮ್‌ಗಳ ಭಾಷೆಯಲ್ಲಿ 73 ಅಂದರೆ ಶುಭಾಶಯ. ತಂತಿ ಕಳಿಸುತ್ತಿದ್ದ ಕಾಲದಿಂದ ಬಂದ ಸಂಕೇತ. ಕಾಫಿ ಸೀಮೆಯವರು ವಿಳಾಸ ಹೇಳಿದರೂ ಹಾರೈಸಿದ ಹಾಗೆ ಕೇಳಿಸುತ್ತದೆ.

ಚೌಕದ ಗೆರೆಗಳು ಇಲ್ಲಿ ಎಲ್ಲಿ ಹಾದುಹೋಗುತ್ತವೆ ಎಂದು ನೋಡಿದರೆ ಆಟದ ರುಚಿ ಹತ್ತುತ್ತದೆ. ಮೂಡಿಗೆರೆ 13 ಡಿಗ್ರಿ ಅಕ್ಷಾಂಶದಿಂದ ತುಸು ಉತ್ತರಕ್ಕೆ, ಸಕಲೇಶಪುರ ತುಸು ದಕ್ಷಿಣಕ್ಕೆ. ಹಾಗಾಗಿ ಮೂಡಿಗೆರೆಯಿಂದ ಜೀಪು ಹತ್ತಿ ಸಕಲೇಶಪುರಕ್ಕೆ ಹೋದವರು ದಾರಿಯಲ್ಲಿ ಯಾವುದೋ ತೋಟದ ಬೇಲಿ ಪಕ್ಕ ಎಂಕೆ 73ರಿಂದ ಎಂಕೆ 72ಕ್ಕೆ ಕಾಲಿಡುತ್ತಾರೆ. ಹಾಸನ ಊರು ಎಂಕೆ 83. ಬೆಂಗಳೂರಿನ ಬಹುಭಾಗ ಎಂಕೆ 82. ಈ ನಾಲ್ಕೂ ಚೌಕಗಳ ಮೂಲೆಗಳು ಕೂಡುವ ಬಿಂದು ಹಾಸನದಿಂದ ಹತ್ತು ಹನ್ನೊಂದು ಕಿಲೋಮೀಟರ್ ಪಶ್ಚಿಮಕ್ಕಿದೆ. ಅಮೆರಿಕದ ಸ್ಪರ್ಧೆಗಳಲ್ಲಿ ವಾಹನದಲ್ಲಿ ಚೌಕದಿಂದ ಚೌಕಕ್ಕೆ ಅಲೆಯುವವರಿಗೆ ‘ರೋವರ್’ ಎಂಬ ಪ್ರತ್ಯೇಕ ವಿಭಾಗವೇ ಇದೆ. ರೋವರ್‌ಗೆ ಇಂಥ ನಾಲ್ಕು ದಾರಿ ಕೂಡುವ ಜಾಗ ಅಂದರೆ ಹಬ್ಬ.

ಯಾಕೆಂದರೆ ಅಂಕ ಎಣಿಸುವ ಕ್ರಮ ಹಾಗಿದೆ. ಅಮೆರಿಕದ ಲೆಕ್ಕದಲ್ಲಿ ಎರಡು ಮೀಟರ್ ಬ್ಯಾಂಡಿನ ಒಂದು ಸಂಪರ್ಕಕ್ಕೆ ಒಂದು ಅಂಕ; ಬಂದ ಅಂಕವನ್ನು ಚೌಕಗಳ ಸಂಖ್ಯೆಯಿಂದ ಗುಣಿಸಬೇಕು. ಹತ್ತು ಜನರನ್ನೂ ಎಂಕೆ 73ರೊಳಗೇ ಹಿಡಿದರೆ ಹತ್ತು ಅಂಕ. ಅದೇ ಹತ್ತು ಜನ ನಾಲ್ಕು ಚೌಕಗಳಲ್ಲಿ ಹಂಚಿಹೋಗಿದ್ದರೆ ನಲವತ್ತು. ಯುರೋಪಿನವರದು ಇನ್ನೂ ನೇರ: ಒಂದು ಕಿಲೋಮೀಟರಿಗೆ ಒಂದು ಅಂಕ. ಮುಳ್ಳಯ್ಯನಗಿರಿಯಿಂದ ಬೆಂಗಳೂರನ್ನು ಮುಟ್ಟಿದರೆ ಇನ್ನೂರರ ಮೇಲೆ. ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಮಾತಾಡಿದರೆ ಸುಮಾರು ಇಪ್ಪತ್ತೈದು. ಕಾಫಿ ಸೀಮೆಗೆ ಹೊಂದುವುದು ಈ ಎರಡನೆಯದು. ಕಷ್ಟಕ್ಕೆ ತಕ್ಕ ಕೂಲಿ ಸಿಗುತ್ತದೆ. ಎರಡರಲ್ಲೂ ರಿಪೀಟರ್ ಮೂಲಕ, ಅಂದರೆ ದನಿಯನ್ನು ಹಿಡಿದು ಮತ್ತೆ ಬಿತ್ತರಿಸುವ ಯಂತ್ರದ ಮೂಲಕ, ಆಡಿದ ಮಾತಿಗೆ ಬೆಲೆಯಿಲ್ಲ, ಒಬ್ಬರೊಂದಿಗೆ ಎರಡನೇ ಸಲ ಆಡಿದರೆ ಅದು ‘ಡೂಪ್’, ಸೊನ್ನೆ.

ಈಗ ಗುಡ್ಡದ ವಿಷಯ. ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ ಎಷ್ಟು ಕಿಲೋಮೀಟರ್ ಎಂದು ಸಿಗುತ್ತದೆ. ಮುಳ್ಳಯ್ಯನಗಿರಿ 1,930 ಮೀಟರ್. ತಡೆಯಿಲ್ಲದ ಕಡಲಿನ ಮೇಲಾದರೆ ದಿಗಂತ 181 ಕಿಲೋಮೀಟರ್ ದೂರ. ಪೂರ್ವಕ್ಕೆ ಬಯಲುಸೀಮೆಯೇ ಎತ್ತರದಲ್ಲಿರುವುದರಿಂದ ಅಷ್ಟು ದಕ್ಕುವುದಿಲ್ಲ, ಆದರೂ ಅತ್ತ ನಂದಿಬೆಟ್ಟದ ಮೇಲೆ ಒಬ್ಬರು ನಿಂತರೆ ಎರಡೂ ದಿಗಂತಗಳು ಒಂದರ ಮೇಲೊಂದು ಬೀಳುತ್ತವೆ.

ಪಶ್ಚಿಮದ ಕಥೆ ಬೇರೆ. ಮುಳ್ಳಯ್ಯನಗಿರಿಯಿಂದ ಮಂಗಳೂರಿಗೆ ನಕ್ಷೆಯ ಮೇಲೆ ಅಡಿಪಟ್ಟಿ ಇಟ್ಟು ಗೆರೆ ಎಳೆದು ನೋಡಿ. ಸುಮಾರು 110 ಕಿಲೋಮೀಟರಿನ ಆ ಗೆರೆಯ ನಟ್ಟನಡುವೆ, ಹೇಳಿ ಮಾಡಿಸಿದ ಹಾಗೆ, ಕುದುರೆಮುಖ ಎದ್ದು ನಿಂತಿದೆ. ಕಾಗದದ ಮೇಲೆ ಅಸಾಧ್ಯ ಎನಿಸುವ ದಾರಿ. ಆದರೆ ಚೂಪಾದ ಏಣಿನ ಮೇಲೆ ಹಾಯುವ ವಿಎಚ್‌ಎಫ್ ಅಲೆ ಅಂಚಿನಲ್ಲಿ ತುಸು ಬಾಗಿ ಆಚೆ ಬದಿಗೆ ಇಳಿಯುತ್ತದೆ. ಬಹುಪಾಲು ಶಕ್ತಿ ಕಳೆದುಹೋಗಿ, ಉಳಿದದ್ದು ಗೊರಗೊರ ಸದ್ದಿನ ಅಡಿಯಲ್ಲಿ ಪಿಸುಮಾತಿನಂತೆ ಬರುತ್ತದೆ. ಕಳಸದ ಕಣಿವೆಯಲ್ಲಿ ಕೂತವರಿಗೂ ಇದೇ ಗತಿ, ಇಲ್ಲವೇ ಎದುರಿನ ಗುಡ್ಡಕ್ಕೆ ಆಂಟೆನಾ ತಿರುಗಿಸಿ ದನಿಯನ್ನು ಅಲ್ಲಿಂದ ಪುಟಿಸುವ ಉಪಾಯ. ಅನುಭವಿಗಳು ಮಾತಾಡಬೇಕಾದ ಊರಿಗೆ ಬೆನ್ನು ತಿರುಗಿಸಿ ಕೂತಿರುವುದನ್ನು ಕಂಡರೆ ಗಾಬರಿಯಾಗಬೇಡಿ.

ತುದಿಯೇ ಶ್ರೇಷ್ಠ ಎಂಬ ಭ್ರಮೆಯೂ ಬೇಡ. ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಗುಡಿಯ ಜತೆಗೆ ಪೊಲೀಸ್ ವೈರ್‌ಲೆಸ್ ಕೇಂದ್ರವೂ ಇದೆ. ಪಕ್ಕದಲ್ಲೇ ಬಲವಾದ ಪ್ರೇಷಕ ಇದ್ದರೆ ಅಗ್ಗದ ಕೈರೇಡಿಯೊ ಕಿವುಡಾಗುತ್ತದೆ. ಏಣಿನಲ್ಲಿ ಸ್ವಲ್ಪ ಕೆಳಗಿಳಿದರೆ ಎಷ್ಟೋ ಸಲ ಹೆಚ್ಚು ಕೇಳುತ್ತದೆ.

ಕಿವಿಯನ್ನು ಪಳಗಿಸುವ ಬಗೆ ಹೀಗೆ. ಕೈರೇಡಿಯೊದ ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಕರೆದರೆ ಜೋರಿನವನು ಗೆಲ್ಲುತ್ತಾನೆ, ಮೆತ್ತಗಿನವನು ಇದ್ದನೆಂದೇ ಗೊತ್ತಾಗುವುದಿಲ್ಲ. ದೂರದ ಆಟಕ್ಕೆ ಎಸ್‌ಎಸ್‌ಬಿ ಎಂಬ ಇನ್ನೊಂದು ಬಗೆಯ ಪ್ರಸಾರ ಬೇಕು. ಅದರಲ್ಲಿ ಸಣ್ಣ ದನಿಯೂ ದೊಡ್ಡ ದನಿಯ ಪಕ್ಕ ಬದುಕುತ್ತದೆ, ಗುಬುಟು ಒಂಚೂರು ಆಚೀಚೆಯಾದರೆ ಮಾತ್ರ ಬಾತುಕೋಳಿ ಮಾತಾಡಿದ ಹಾಗೆ ಕೇಳಿಸುತ್ತದೆ. ಚಲಿಸುವ ಕಾರಿನಿಂದ ಬರುವ ದನಿ ಬೇಲಿಗೂಟಗಳ ಮೇಲೆ ಕೋಲು ಎಳೆದಂತೆ ಪಟಪಟ ಅನ್ನುತ್ತದೆ. ಅಲೆಯ ಉದ್ದ ಎರಡು ಮೀಟರ್. ನೇರ ಬಂದ ಅಲೆ, ಬಂಡೆಗೆ ತಗುಲಿ ಬಂದ ಅಲೆ ಕೂಡಿದ ಕಡೆ ದನಿ ಎದ್ದು, ಅರ್ಧ ಮೀಟರ್ ಆಚೆಗೆ ಸತ್ತುಹೋಗಬಹುದು. ಕೇಳುತ್ತಿದ್ದ ದನಿ ತಟ್ಟನೆ ಮಾಯವಾದರೆ ಒಂದು ಹೆಜ್ಜೆ ಪಕ್ಕಕ್ಕೆ ಇಡಿ. ವಾಪಸು ಬರುತ್ತದೆ. ಈ ಒಂದು ಹೆಜ್ಜೆಯ ಚಮತ್ಕಾರವನ್ನು ಸ್ವತಃ ಕಂಡವರು ಮತ್ತೆ ಗುಡ್ಡ ಹತ್ತದೆ ಇರುವುದಿಲ್ಲ.

ಆಂಟೆನಾ ಮೀನಿನ ಮುಳ್ಳಿನ ಹಾಗಿದ್ದರೆ ಅದು ಯಾಗಿ, 1926ರಲ್ಲಿ ಜಪಾನಿನ ಯಾಗಿ ಮತ್ತು ಉದಾ ಜಗತ್ತಿಗೆ ತೋರಿಸಿಕೊಟ್ಟದ್ದು.  ಬಡಗಿಯ ಉಕ್ಕಿನ ಅಳತೆಪಟ್ಟಿ ಕತ್ತರಿಸಿ, ಪಿವಿಸಿ ಪೈಪಿಗೆ ಬಿಗಿದು ಒಂದೇ ಸಂಜೆಯಲ್ಲಿ ಇದನ್ನು ಮಾಡಿಕೊಳ್ಳುವವರಿದ್ದಾರೆ. ಗಿಡಗಂಟಿಗೆ ಸಿಕ್ಕಿದರೆ ಬಾಗುತ್ತದೆ, ಮುರಿಯುವುದಿಲ್ಲ. ಒಂದು ಸೂಕ್ಷ್ಮ: ಎಫ್‌ಎಂನವರು ಮುಳ್ಳುಗಳನ್ನು ನೆಟ್ಟಗೆ ನಿಲ್ಲಿಸುತ್ತಾರೆ, ಎಸ್‌ಎಸ್‌ಬಿಯವರು ಮಲಗಿಸುತ್ತಾರೆ. ಒಬ್ಬರದು ನಿಂತು ಇನ್ನೊಬ್ಬರದು ಮಲಗಿದ್ದರೆ ದನಿಯ ಶಕ್ತಿ ನೂರರಲ್ಲಿ ಒಂದು ಪಾಲಿಗೆ ಇಳಿದೀತು. ತೋಟದೊಳಗೆ ಇನ್ನೊಂದು ತೊಡಕು, ಒದ್ದೆ ಎಲೆ. ಇಬ್ಬನಿ ಕುಡಿದ ನೆರಳುಮರಗಳು ಅಲೆಯನ್ನೂ ಕುಡಿಯುತ್ತವೆ. ತೋಟದಲ್ಲೇ ಕೂರಬೇಕಾದವರು ಎತ್ತರದ ಸಿಲ್ವರ್ ಓಕ್ ಮರಕ್ಕೆ ದಾರ ಎಸೆದು ತಂತಿಯ ಆಂಟೆನಾವನ್ನು ಮೇಲಕ್ಕೆ ಎಳೆಯುತ್ತಾರೆ. ಮೆಣಸಿನ ಬಳ್ಳಿ ಕೀಳದಂತೆ ಎಸೆಯುವುದೂ ಒಂದು ವಿದ್ಯೆ.

ಹೋಗಲು ತಕ್ಕ ಕಾಲ ಡಿಸೆಂಬರ್, ಜನವರಿ. ತೋಟಗಳಲ್ಲಿ ಕಾಫಿ ಕುಯ್ಲಿನ ಗದ್ದಲ, ಆಕಾಶ ತಿಳಿ. ಬೆಳಗಿನ ಆರಕ್ಕೆ ಕವಿಕಲ್ ಗಂಡಿಯಲ್ಲಿ ನಿಂತರೆ ಮಂಜು ಕೆಳಗೆ ಕಣಿವೆಯಲ್ಲಿ ಹಾಲಿನಂತೆ ನಿಂತಿರುವುದು ಕಾಣುತ್ತದೆ. ತಣ್ಣನೆಯ ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ. ಮಂಜಿಗೆ ಮುಚ್ಚಳ ಹಾಕುವ ಈ ಪದರವೇ ವಿಎಚ್‌ಎಫ್ ಅಲೆಯನ್ನೂ ನೆಲದ ಕಡೆಗೆ ಬಾಗಿಸುತ್ತದೆ. ನಿನ್ನೆ ಸಂಜೆ ಕೇಳದ ಊರು ಇವತ್ತು ಬೆಳಿಗ್ಗೆ ಕೇಳುತ್ತದೆ. ಬಿಸಿಲೇರಿ ಮಂಜು ಕರಗುವ ಹೊತ್ತಿಗೆ ಆ ಊರೂ ಕರಗುತ್ತದೆ. ಇದೇ ತತ್ವ ಕಡಲಿನ ಮೇಲೆ ವಿಸ್ತಾರವಾಗಿ ಹಾಸಿಕೊಂಡಾಗ ಏನಾಗುತ್ತದೆಂಬುದಕ್ಕೆ 1957ರ ಜುಲೈ ಸಾಕ್ಷಿ. ಕ್ಯಾಲಿಫೋರ್ನಿಯಾದ ಜಾನ್ ಚೇಂಬರ್ಸ್ ಮತ್ತು ಹವಾಯಿಯಲ್ಲಿದ್ದ ಟಾಮಿ ಥಾಮಸ್ ಎರಡು ಮೀಟರ್ ಬ್ಯಾಂಡಿನಲ್ಲಿ 4,000 ಕಿಲೋಮೀಟರ್ ದಾಟಿಸಿ ಒಬ್ಬರನ್ನೊಬ್ಬರು ಕೇಳಿದರು. ಮಾರ್ಚ್, ಏಪ್ರಿಲಿನ ಹೂಮಳೆಯ ದಿನಗಳಲ್ಲಿ ಮಾತ್ರ ಗುಡ್ಡದ ತುದಿಯಲ್ಲಿ ಲೋಹದ ಗಳ ಹಿಡಿದು ನಿಲ್ಲಬೇಡಿ. ಸಿಡಿಲಿಗೆ ಯಾವ ಚೌಕವಾದರೂ ಒಂದೇ. ಮೂಡಿಗೆರೆ ಕಡೆ ಕತ್ತಲಲ್ಲಿ ತೋಟ ಹಾಯುವ ಮುನ್ನ ಆನೆಗಳು ಎಲ್ಲಿವೆ ಎಂದು ಊರವರನ್ನು ಕೇಳಿ.

ಮೈಕು ಮುಟ್ಟಲು ಪರವಾನಗಿ ಬೇಕೇಬೇಕು. ಕೇಂದ್ರ ಸಂಪರ್ಕ ಸಚಿವಾಲಯ ನಡೆಸುವ ಪರೀಕ್ಷೆ ಅದಕ್ಕಿದೆ. ಹನ್ನೆರಡು ತುಂಬಿದವರು ಕೂರಬಹುದು, ಆರಂಭದ ದರ್ಜೆಗೆ ಮೋರ್ಸ್ ಸಂಕೇತ ಬರಬೇಕೆಂದಿಲ್ಲ. ಪಾಸಾದವರಿಗೆ ಭಾರತದ ಗುರುತಾದ ವಿಯು ಅಕ್ಷರಗಳಿಂದ ಶುರುವಾಗುವ ಕರೆಹೆಸರು, 144ರಿಂದ 146 ಮೆಗಾಹರ್ಟ್ಸ್‌ವರೆಗಿನ ಎರಡು ಮೀಟರ್ ಬ್ಯಾಂಡು. 1978ರಲ್ಲಿ ಇಂದಿರಾ ಗಾಂಧಿಯವರನ್ನು ಲೋಕಸಭೆಗೆ ಕಳಿಸಿದ ಚಿಕ್ಕಮಗಳೂರಿಗೆ ಅವರ ಮಗ ರಾಜೀವ್ ಕೂಡ ಹ್ಯಾಮ್ ಆಗಿದ್ದರು, ಕರೆಹೆಸರು ವಿಯು2ಆರ್‌ಜಿ, ಎಂಬುದು ಅಷ್ಟಾಗಿ ಗೊತ್ತಿಲ್ಲ. ಕಲಿಯುವವರಿಗೆ 1959ರಿಂದ ಇರುವ ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್, ಅಲ್ಲಿನದೇ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಇವೆ. ಪರೀಕ್ಷೆ ಪಾಸಾಗುವವರೆಗೆ ಪರವಾನಗಿ ಇರುವವರ ಪಕ್ಕ ಕೂತು ಲಾಗ್ ಬರೆಯುವುದೇ ಒಳ್ಳೆಯ ಅಭ್ಯಾಸ. ಒಂದಕ್ಷರ ತಪ್ಪಿ ಬರೆದರೂ ಎರಡೂ ಕಡೆಯ ಲಾಗ್ ತಾಳೆಯಾಗದೆ ಅಂಕ ಹೋಗುತ್ತದೆ, ಹಾಗಾಗಿ ಕಿವಿ ತಾನಾಗಿ ಚುರುಕಾಗುತ್ತದೆ.

ಈ ಸೀಮೆಯ ಕೊರತೆ ಗುಡ್ಡದ್ದಲ್ಲ, ಎದುರಿನಿಂದ ಓಗೊಡುವವರದು. ಅರ್ಧ ಗಂಟೆ ಕರೆದರೂ ಯಾರೂ ಸಿಗದ ಬೆಳಗುಗಳು ಇದ್ದೇ ಇರುತ್ತವೆ. ಏಣಿನ ಮೇಲೆ ತೋಟ ಇರುವ ಬೆಳೆಗಾರರಲ್ಲಿ ಒಂದು ಕೋರಿಕೆ: ಯಾರಾದರೂ ಹ್ಯಾಮ್ ಬಂದು ಒಂದು ಭಾನುವಾರದ ಮಟ್ಟಿಗೆ ನಿಮ್ಮ ಕಾಫಿ ಕಣದ ಮೂಲೆಯಲ್ಲಿ ಗಳ ನೆಡಲು ಜಾಗ ಕೇಳಿದರೆ ಇಲ್ಲವೆನ್ನಬೇಡಿ. ಅವರು ಕೇಳುವುದು ನಾಲ್ಕು ಗಂಟೆ, ಒಂದು ಲೋಟ ಕಾಫಿ.