ಎರಡು ಸುತ್ತು ಮುಂದಿದ್ದವನ ಸಿನಿಮಾ

1977ರಲ್ಲಿ ಅಮೆರಿಕದಲ್ಲಿ ಬಂದ 'ಗ್ರೀಸ್ಡ್ ಲೈಟ್ನಿಂಗ್' ಚಿತ್ರವನ್ನು ಕರಿಯರ ಬಗೆಗಿನ ಒಳ್ಳೆಯ ಚಿತ್ರಗಳ ಸಾಲಿಗೆ ಸೇರಿಸುವ ಗೆಳೆಯರಿದ್ದಾರೆ. ನಿರ್ದೇಶಕ ಮೈಕೇಲ್ ಶುಲ್ಟ್ಸ್ ಕರಿಯ. ನಾಯಕನಾದ ರಿಚರ್ಡ್ ಪ್ರಯರ್ ಕರಿಯ. ಕಥೆಯೂ ನಿಜವಾಗಿ ಬದುಕಿದ ಕರಿಯನೊಬ್ಬನದು: ಸ್ಟಾಕ್ ಕಾರ್ ರೇಸಿನ ವೆಂಡೆಲ್ ಸ್ಕಾಟ್. ಇಷ್ಟಿದ್ದ ಮೇಲೆ ಇನ್ನೇನು ಬೇಕು ಅಂತ ಕೇಳಬಹುದು. ನನ್ನ ತಕರಾರು ಶುರುವಾಗುವುದೇ ಅಲ್ಲಿಂದ. ಈ ಚಿತ್ರ ಸ್ಕಾಟನನ್ನು ನಗಿಸುತ್ತದೆ, ಓಡಿಸುತ್ತದೆ, ಕೊನೆಗೆ ಗೆಲ್ಲಿಸಿಯೂ ಬಿಡುತ್ತದೆ. ಗೆದ್ದವನು ಗೆದ್ದ ಅಂತ ಬರೆದುಕೊಳ್ಳುವ ಕೈ ಯಾರದು ಅನ್ನೋದನ್ನ ಮಾತ್ರ ಗಟ್ಟಿಯಾಗಿ ಕೇಳುವುದಿಲ್ಲ.

ಸ್ಟಾಕ್ ಕಾರ್ ಅಂದ್ರೆ ಮೂಲದಲ್ಲಿ ಅಂಗಡಿಯಲ್ಲಿ ಮಾರುವ ಸಾಮಾನ್ಯ ಕಾರು. ಅಮೆರಿಕದ ದಕ್ಷಿಣ ಸೀಮೆಯಲ್ಲಿ ಕಳ್ಳಭಟ್ಟಿ ಸಾಗಿಸುವವರು ಪೊಲೀಸರ ಕೈಗೆ ಸಿಗಬಾರದು ಅಂತ ಇಂಥ ಕಾರುಗಳ ಎಂಜಿನ್ ಬಿಚ್ಚಿ, ಬಲ ಹೆಚ್ಚಿಸಿ ಓಡಿಸುತ್ತಿದ್ದರು. ಅವರು ಭಾನುವಾರ ಮಣ್ಣಿನ ಮೈದಾನದಲ್ಲಿ ಒಬ್ಬರ ಮೇಲೊಬ್ಬರು ಜಿದ್ದಿಗೆ ಬಿದ್ದದ್ದೇ ಈ ಆಟದ ಬೇರುಗಳಲ್ಲೊಂದು. 1948ರಲ್ಲಿ ಬಿಲ್ ಫ್ರಾನ್ಸ್ ಮತ್ತು ಜೊತೆಯವರು 'ನಾಸ್ಕಾರ್' ಎಂಬ ಸಂಸ್ಥೆಯನ್ನು ನೋಂದಾಯಿಸಿದರು. ಕಳ್ಳಭಟ್ಟಿಯ ಆಟ ಸಂಸ್ಥೆಯಾದ ಕೂಡಲೇ ಅದಕ್ಕೊಂದು ಮಡಿ ಬಂತು. ಭಟ್ಟಿ ಸಾಗಿಸಿದ ಬಿಳಿಯ ವೀರನಾದ. ಅದೇ ಕೆಲಸ ಮಾಡಿದ ಕರಿಯನಿಗೆ ಬಾಗಿಲು ಮುಚ್ಚಿತ್ತು.

ಸ್ಕಾಟ್ ಹುಟ್ಟಿದ್ದು 1921ರಲ್ಲಿ, ವರ್ಜೀನಿಯಾದ ಡ್ಯಾನ್‌ವಿಲ್ಲಿನಲ್ಲಿ. ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧ ಹೂಡಿದ ದಕ್ಷಿಣ ರಾಜ್ಯಗಳ ಒಕ್ಕೂಟ ಸೋತು ಓಡುವಾಗ, 1865ರಲ್ಲಿ, ಕೊನೆಯ ರಾಜಧಾನಿ ಮಾಡಿಕೊಂಡ ಊರದು. ಬಟ್ಟೆ ಗಿರಣಿಯ ಊರು. ಸ್ಕಾಟ್ ಟ್ಯಾಕ್ಸಿ ಓಡಿಸಿದ. ಎರಡನೇ ಮಹಾಯುದ್ಧದಲ್ಲಿ, ಕರಿಯರನ್ನೂ ಬಿಳಿಯರನ್ನೂ ಬೇರೆ ಬೇರೆ ಇಟ್ಟಿದ್ದ ಸೈನ್ಯದಲ್ಲಿ, ವಾಹನ ರಿಪೇರಿ ಮಾಡಿದ. ವಾಪಸು ಬಂದು ಗ್ಯಾರೇಜ್ ಇಟ್ಟ, ಜೊತೆಗೆ ಕಳ್ಳಭಟ್ಟಿ ಸಾಗಿಸಿದ. 1952ರಲ್ಲಿ ಊರಿನ ರೇಸ್ ನಡೆಸುವವರಿಗೆ ಜನ ಸೇರಿಸಲು ಒಬ್ಬ ಕರಿಯ ಚಾಲಕ ಬೇಕಾಗಿದ್ದ. ಅವರು ಹೋಗಿ ಕೇಳಿದ್ದು ಪೊಲೀಸರನ್ನು! ಬೆನ್ನಟ್ಟಿ ಸುಸ್ತಾಗಿದ್ದ ಪೊಲೀಸರು ಕೊಟ್ಟದ್ದು ಸ್ಕಾಟನ ಹೆಸರನ್ನು. ಜಾತ್ರೆಯಲ್ಲಿ ತೋರಿಸುವ ಪ್ರಾಣಿಯ ಹಾಗೆ ಕರೆತಂದವನು ಓಟಗಳನ್ನು ಗೆಲ್ಲತೊಡಗಿದ. ಅದು ಅವರ ಲೆಕ್ಕದಲ್ಲಿ ಇರಲಿಲ್ಲ.

ಇಲ್ಲಿಯವರೆಗೆ ಚಿತ್ರ ಚೆನ್ನಾಗಿದೆ ಅಂತಲೇ ಹೇಳಬೇಕು. ಪ್ರಯರ್ ಮಾತಿನ ಮಲ್ಲ, ವೇದಿಕೆಯ ಮೇಲೆ ಬೆಂಕಿಯಂಥ ನಾಲಿಗೆ. ಇಲ್ಲಿ ಆ ನಾಲಿಗೆಯನ್ನು ಹಿಡಿದಿಟ್ಟುಕೊಂಡಿದ್ದಾನೆ. ಎದುರಿಗೆ ನಿಂತ ಬಿಳಿಯನಿಗೆ ಎಷ್ಟು ಹೇಳಬೇಕು, ಎಷ್ಟನ್ನು ನುಂಗಬೇಕು ಅಂತ ಅಳೆಯುವ ಕಣ್ಣು ಅವನದು. ಊರಗೌಡರ ಜಗುಲಿಯ ಕೆಳಗೆ ನಿಂತು ಮಾತಾಡಿದ ಯಾರಿಗಾದರೂ ಆ ನೋಟ ಗುರುತು ಸಿಗುತ್ತದೆ.

ಆದರೆ ಕಥೆ ಮುಂದೆ ಸಾಗಲು ಚಿತ್ರಕ್ಕೊಬ್ಬ ಒಳ್ಳೆಯ ಬಿಳಿಯ ಬೇಕಾಗುತ್ತದೆ. ಬೋ ಬ್ರಿಜಸ್ ಮಾಡಿದ ಹಚ್ ಎಂಬ ಪಾತ್ರ ಅದು: ಮೊದಲು ಎದುರಾಳಿ, ಆಮೇಲೆ ಗೆಳೆಯ. ಸ್ಕಾಟನಿಗೆ ಸಹಾಯ ಮಾಡಿದ ಬಿಳಿ ಚಾಲಕರು ನಿಜವಾಗಿಯೂ ಇದ್ದರು, ಇಲ್ಲವೆನ್ನುವುದಿಲ್ಲ. ಆದರೆ ಅವನ ಪಿಟ್ಟಿನಲ್ಲಿ ನಿಂತು ಟೈರು ಬದಲಿಸಿದವರು, ಪೆಟ್ರೋಲು ತುಂಬಿದವರು ಹೆಚ್ಚಾಗಿ ಅವನ ಸ್ವಂತ ಮಕ್ಕಳು. ಒಂದು ಸಂಸಾರವೇ ಎಣ್ಣೆ ಗ್ರೀಸಿನಲ್ಲಿ ಮುಳುಗಿ ಎಳೆದ ರಥವನ್ನು ಒಬ್ಬ ಕರಿಯ, ಒಬ್ಬ ಬಿಳಿಯನ ಸ್ನೇಹದ ಕಥೆ ಮಾಡಿದರೆ ನೋಡುವ ಬಿಳಿಯರಿಗೆ ನಿದ್ದೆ ಚೆನ್ನಾಗಿ ಬರುತ್ತದೆ. ಹೆಂಡತಿ ಮೇರಿಯ ಪಾತ್ರದಲ್ಲಿ ಪ್ಯಾಮ್ ಗ್ರಿಯರ್ ಇದ್ದಾಳೆ. ಅಂಥ ಗಟ್ಟಿ ನಟಿಗೆ ಚಿತ್ರ ಕೊಟ್ಟದ್ದು ಹೆಚ್ಚಾಗಿ ಆತಂಕಪಡುವ ಕೆಲಸ.

ಈಗ 'ಪ್ರತಿಭೆ'ಯ ಮಾತಿಗೆ ಬರೋಣ. ಮೀಸಲಾತಿ ಅಂದ ಕೂಡಲೇ ನಮ್ಮಲ್ಲಿ ಕೆಲವರಿಗೆ ಪ್ರತಿಭೆ ನೆನಪಾಗುತ್ತದೆ. ಹಾಗಾದರೆ ಕಾರಿನ ರೇಸಿಗಿಂತ ಶುದ್ಧವಾದ ಪ್ರತಿಭೆ ಯಾವುದು ಹೇಳಿ? ಅಲ್ಲಿ ಸಂದರ್ಶನವಿಲ್ಲ, ಶಿಫಾರಸ್ಸಿಲ್ಲ. ಹೆಲ್ಮೆಟ್ಟಿನೊಳಗೆ ಚರ್ಮವೂ ಸರಿಯಾಗಿ ಕಾಣುವುದಿಲ್ಲ. ಸುತ್ತು ಎಣಿಸಿದರಾಯಿತು.

1963ರ ಡಿಸೆಂಬರ್ 1ರಂದು ಫ್ಲಾರಿಡಾದ ಜಾಕ್ಸನ್‌ವಿಲ್ಲಿನಲ್ಲಿ ಎಣಿಸಿದರು. ಅರ್ಧ ಮೈಲಿಯ ಮಣ್ಣಿನ ಹಾದಿ, 200 ಸುತ್ತು. ಇನ್ನು ಸುಮಾರು 25 ಸುತ್ತು ಇರುವಾಗ ಸ್ಕಾಟ್ ರಿಚರ್ಡ್ ಪೆಟ್ಟಿಯನ್ನು ಹಿಂದೆ ಹಾಕಿದ. 200 ಮುಗಿಸಿದ; ಬಾವುಟ ಬೀಳಲಿಲ್ಲ. ಮತ್ತೊಂದು ಸುತ್ತು ಹೊಡೆದ. ಇನ್ನೊಂದೂ ಹೊಡೆದ. ಬಾವುಟ ಬಿದ್ದದ್ದು ಎರಡು ಸುತ್ತು ಹಿಂದಿದ್ದ ಬಕ್ ಬೇಕರನಿಗೆ. ಟ್ರೋಫಿಯೂ ಅವನಿಗೇ. ಸ್ಕಾಟ್ ಲೆಕ್ಕ ತೆಗೆಸಿ ಅಂತ ಪಟ್ಟು ಹಿಡಿದ. ಗಂಟೆಗಟ್ಟಲೆ ಕಳೆದು, ಜನ ಮನೆ ಸೇರಿದ ಮೇಲೆ, ಗೆದ್ದವನು ನೀನೇ ಅಂತ ಒಪ್ಪಿಕೊಂಡರು. 1,000 ಡಾಲರ್ ಬಹುಮಾನ ಕೊಟ್ಟರು. ಎಣಿಕೆಯಲ್ಲಿ ತಪ್ಪಾಗಿತ್ತು ಅನ್ನೋದು ಸಂಸ್ಥೆಯ ಸಮಜಾಯಿಷಿ. ಗೆದ್ದವನಿಗೆ ಮುತ್ತು ಕೊಡಲು ನಿಂತಿದ್ದ ಬಿಳಿಯ ಸುಂದರಿಯ ಪಕ್ಕ ತನ್ನನ್ನು ನಿಲ್ಲಿಸಲು ಅವರು ತಯಾರಿರಲಿಲ್ಲ ಅನ್ನೋದು ಸ್ಕಾಟನ ಮಾತು. ಅದೇ ವರ್ಷ ಜೂನ್ 10ರಂದು ಅವನ ಊರು ಡ್ಯಾನ್‌ವಿಲ್ಲಿನಲ್ಲಿ ಸಮಾನತೆ ಕೇಳಿದ ಕರಿಯರನ್ನು ಪೊಲೀಸರು ಲಾಠಿಯಿಂದ, ನೀರಿನ ಕೊಳವೆಯಿಂದ ಬಡಿದಿದ್ದರು. ಎಣಿಕೆಯ ತಪ್ಪನ್ನು ಆ ವರ್ಷದ ಪಕ್ಕದಲ್ಲಿಟ್ಟು ಓದಬೇಕು.

1961ರಿಂದ 1973ರವರೆಗೆ ಮೇಲ್ದರ್ಜೆಯಲ್ಲಿ 495 ಓಟ ಓಡಿದ. ಗೆಲುವು ಅದೊಂದೇ. ಮೊದಲ ಹತ್ತರೊಳಗೆ ಬಂದದ್ದು 147 ಸಲ. ಫೋರ್ಡ್, ಕ್ರೈಸ್ಲರ್ ಕಂಪನಿಗಳು ತಮಗೆ ಬೇಕಾದ ಚಾಲಕರಿಗೆ ಕಾರು, ಎಂಜಿನ್, ದುಡ್ಡು ಕೊಡುತ್ತಿದ್ದ ಕಾಲ. ಸ್ಕಾಟನಿಗೆ ಸಿಕ್ಕಿದ್ದು ಬೇರೆಯವರು ಓಡಿಸಿ ಬಿಟ್ಟ ಕಾರು, ಹಳೆಯ ಟೈರು. ಜಾಕ್ಸನ್‌ವಿಲ್ಲಿನ ಷೆವರ್ಲೆ ಕೂಡ ಹಾಗೆ ಕೊಂಡದ್ದೇ. ಒಂದೇ ಗೆಲುವು ಅಂತ ಮೂಗು ಮುರಿಯುವ ಮುಂಚೆ ಆ 147ರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಹರಿದ ಪಠ್ಯಪುಸ್ತಕದಲ್ಲಿ ಓದಿ ಪಾಸಾದ ಹುಡುಗರನ್ನು ಕಂಡ ಹಳ್ಳಿ ಮೇಷ್ಟ್ರುಗಳಿಗೆ ಆ ಅಂಕಿಯ ತೂಕ ಬಿಡಿಸಿ ಹೇಳಬೇಕಾಗಿಲ್ಲ.

ಚಿತ್ರ ಗೆಲುವಿನ ಸಂಭ್ರಮದಲ್ಲಿ ಮುಗಿಯುತ್ತದೆ. ಬದುಕು ಹಾಗೆ ಮುಗಿಯಲಿಲ್ಲ. 1973ರ ಮೇನಲ್ಲಿ ಅಲಬಾಮಾದ ಟಲ್ಲಡೇಗಾದಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಾರುಗಳು ಒಂದರ ಮೇಲೊಂದು ಬಿದ್ದ ಅಪಘಾತದಲ್ಲಿ ಸ್ಕಾಟನ ಮೂಳೆಗಳು ಮುರಿದವು, ಕಾರು ಗುಜರಿಯಾಯಿತು. ಆಮೇಲೆ ಅವನ ಓಟ ಮುಗಿದ ಹಾಗೆಯೇ. ಮತ್ತೆ ಅದೇ ಗ್ಯಾರೇಜು. ಚಿತ್ರ ಬಂದಾಗ ಅವನು ಬದುಕಿದ್ದ, ಟ್ರೋಫಿ ಬಂದಿರಲಿಲ್ಲ. ಹೀಗಿರುವಾಗ ಪರದೆಯ ಮೇಲೆ ಅವನನ್ನು ಗೆಲ್ಲಿಸಿ ಚಪ್ಪಾಳೆ ಹೊಡೆಸುವುದು ಸಂಸ್ಥೆಯ ಬಾಕಿಯನ್ನು ಸಿನಿಮಾ ತೀರಿಸಿಕೊಟ್ಟ ಹಾಗೆ ಆಗಲಿಲ್ಲವೇ?

ಇದು ದೂರದ ದೇಶದ ಸಂಗತಿ ಅನ್ನುವವರು ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಲೂವನ್ನು ನೆನೆಯಲಿ. ಚಮಾರ ಜಾತಿಯ ಸ್ಪಿನ್ ಬೌಲರ್. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತವನು. ಪುಣೆಯಲ್ಲಿ ಅವನ ಚೆಂಡು ಹಿಂದೂಗಳಿಗೆ ಬೇಕಿತ್ತು, ಅವನಿಗೆ ಚಹ ಮಾತ್ರ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಹಿಂದೂ ತಂಡದ ನಾಯಕತ್ವ ಅವನಿಗೆ ಕೊನೆಗೂ ದಕ್ಕಲಿಲ್ಲ. 1923ರಲ್ಲಿ ಅವನ ತಮ್ಮ ವಿಠಲನಿಗೆ ಸಿಕ್ಕಿತು. ಇದೇ ಬಾಲೂ 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರೇ ನಿಂತು ಸೋತ. ಅದೊಂದು ಬೇರೆ ಕಥೆ, ಅದನ್ನೂ ಒಂದು ದಿನ ನಾವೇ ಬರೆಯಬೇಕು.

ಸ್ಕಾಟ್ 1990ರಲ್ಲಿ ಬೆನ್ನುಹುರಿಯ ಕ್ಯಾನ್ಸರಿನಿಂದ ಸತ್ತ. 2015ರಲ್ಲಿ ನಾಸ್ಕಾರ್ ಅವನನ್ನು ತನ್ನ ಕೀರ್ತಿಮಂದಿರಕ್ಕೆ ಸೇರಿಸಿಕೊಂಡಿತು. 2021ರ ಆಗಸ್ಟಿನಲ್ಲಿ ಡೇಟೋನಾದಲ್ಲಿ ಅವನ ಮನೆಯವರ ಕೈಗೆ ಹೊಸದಾಗಿ ಮಾಡಿಸಿದ ಟ್ರೋಫಿ ಕೊಟ್ಟರು, ಗೆದ್ದು ಐವತ್ತೇಳು ವರ್ಷ ದಾಟಿದ ಮೇಲೆ. ಅದೇ ಅಕ್ಟೋಬರಿನಲ್ಲಿ ಬಬ್ಬಾ ವಾಲೇಸ್ ಎಂಬ ಕರಿಯ ಚಾಲಕ ಟಲ್ಲಡೇಗಾದಲ್ಲಿ ಗೆದ್ದ. ಸ್ಕಾಟನ ನಂತರ ಮೇಲ್ದರ್ಜೆಯಲ್ಲಿ ಗೆದ್ದ ಮೊದಲ ಕರಿಯ.

ಹಾಸ್ಟೆಲಿನ ಗೆಳೆಯರು ಈ ಚಿತ್ರ ತೋರಿಸುವುದಾದರೆ ತೋರಿಸಲಿ, ಪ್ರಯರನ ಕಣ್ಣಿಗಾಗಿಯಾದರೂ ನೋಡಬೇಕು. ಮುಗಿದ ಮೇಲೆ ದೀಪ ಹಾಕಿ, ಜಾಕ್ಸನ್‌ವಿಲ್ಲಿನ 202 ಸುತ್ತುಗಳ ಲೆಕ್ಕವನ್ನು ಯಾರಾದರೂ ಎದ್ದು ನಿಂತು ಹೇಳಲಿ.