ದರಪಟ್ಟಿಯ ಎಂಟು ಸಾಲು: ಸುಕ್ಕು, ಜೋಲು ಮತ್ತು ಚಿಕಿತ್ಸೆಯ ಆಯ್ಕೆ

ಮುಂದಿನ ಎಂಟು ಸಾಲುಗಳು ಯಾವುದೋ ಒಂದು ಕ್ಲಿನಿಕ್‌ನವಲ್ಲ. ಚರ್ಮದ ಕ್ಲಿನಿಕ್‌ಗಳ ದರಪಟ್ಟಿಗಳಲ್ಲಿ ಮತ್ತೆ ಮತ್ತೆ ಕಾಣುವ ಮಾತುಗಳನ್ನು ಕೂಡಿಸಿ ನಾನೇ ಬರೆದ ಮಾದರಿ. ದರಪಟ್ಟಿಯಲ್ಲಿ ಚಿಕಿತ್ಸೆಯ ಹೆಸರಿರುತ್ತದೆ, ಬೆಲೆಯಿರುತ್ತದೆ. ಅದು ಯಾರ ಮುಖಕ್ಕೆ ಸಲ್ಲುತ್ತದೆ, ಎಷ್ಟು ಕಾಲ ನಿಲ್ಲುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಇರುವುದಿಲ್ಲ. ಹಣ ಕಟ್ಟುವ ಮುಂಚೆ ತಿಳಿಯಬೇಕಾದದ್ದು ಅದೇ. ಆದ್ದರಿಂದ ಒಂದೊಂದು ಸಾಲನ್ನೂ ನಿಧಾನವಾಗಿ ಓದೋಣ.

1. “ಸುಕ್ಕು, ಜೋಲು ಚರ್ಮ: ಎಲ್ಲಕ್ಕೂ ಇಲ್ಲಿ ಪರಿಹಾರ.”

ಮೊದಲ ಸಾಲಿನಲ್ಲೇ ತೊಡಕಿದೆ. ಸುಕ್ಕು ಬೇರೆ, ಜೋಲು ಬೇರೆ. ಸುಕ್ಕಿನಲ್ಲೂ ಎರಡು ಬಗೆ. ಮುಖದ ಮೇಲೆ ಚರ್ಮ, ಅದರಡಿ ಕೊಬ್ಬು, ಆಮೇಲೆ ಸ್ನಾಯು ಮತ್ತು ಅದನ್ನು ಹೊದ್ದ ಪೊರೆ, ಎಲ್ಲಕ್ಕೂ ಕೆಳಗೆ ಎಲುಬು. ವಯಸ್ಸು ಈ ಪದರಗಳೆಲ್ಲವನ್ನೂ ಮುಟ್ಟುತ್ತದೆ, ಆದರೆ ಒಂದೊಂದನ್ನು ಒಂದೊಂದು ರೀತಿಯಲ್ಲಿ.

ಚರ್ಮಕ್ಕೆ ಬಿಗಿ ಕೊಡುವುದು ಕೊಲಾಜನ್ ಎಂಬ ನಾರು. ವಯಸ್ಸಿನ ಜೊತೆ ಅದು ನಿಧಾನವಾಗಿ ಕಡಿಮೆಯಾಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಚರ್ಮದ ಕೊಲಾಜನ್ ಸುಮಾರು ಶೇ. 30ರಷ್ಟು ಇಳಿಯುತ್ತದೆ. ಕೆನ್ನೆಯ ಕೊಬ್ಬು ಕರಗುತ್ತದೆ, ಕಣ್ಣಿನ ಗೂಡು ಅಗಲವಾಗುತ್ತದೆ, ದವಡೆಯ ಎಲುಬು ಸವೆಯುತ್ತದೆ. ಎಲ್ಲವನ್ನೂ ಎಲುಬಿಗೆ ಹಿಡಿದಿಟ್ಟ ತಂತುಗಳು ಸಡಿಲವಾಗಿ ಮುಖದ ಮಾಂಸ ಕೆಳಗಿಳಿಯುತ್ತದೆ.

ಹೀಗೆ ನಾಲ್ಕು ಬೇರೆ ಬೇರೆ ತೊಂದರೆಗಳಿವೆ: ಮುಖ ಆಡಿಸಿದಾಗ ಬೀಳುವ ಗೆರೆ, ಆಡಿಸದಿದ್ದರೂ ನಿಂತಿರುವ ಗೆರೆ, ಒಳಗಿನ ತುಂಬು ಕಳೆದು ಆದ ಗುಳಿ, ಕೆಳಗಿಳಿದ ಜೋಲು. ತಲೆದಿಂಬಿನ ಗವಸು ಮುದುರಿದ್ದರೆ ಇಸ್ತ್ರಿ ಹಾಕುತ್ತೇವೆ, ಹತ್ತಿ ಕುಗ್ಗಿದ್ದರೆ ಹತ್ತಿ ತುಂಬುತ್ತೇವೆ, ಗವಸೇ ಹಿಗ್ಗಿದ್ದರೆ ಹೊಲಿಗೆ ಹಾಕಿ ಬಿಗಿಮಾಡುತ್ತೇವೆ. ಮುಖಕ್ಕೂ ಇದೇ ವಿವೇಕ ಬೇಕು. “ಯಾವ ಚಿಕಿತ್ಸೆ ಒಳ್ಳೆಯದು?” ಎಂಬ ಪ್ರಶ್ನೆಗಿಂತ ಮೊದಲು “ನನ್ನದು ಯಾವ ಪದರದ ತೊಂದರೆ?” ಎಂದು ಕೇಳಬೇಕು. ಈ ವ್ಯಾಖ್ಯಾನದ ತಿರುಳು ಇಷ್ಟೇ.

ಮನೆಯಲ್ಲೇ ಕನ್ನಡಿ ಹಿಡಿದು ಒಂದಿಷ್ಟು ತಿಳಿಯಬಹುದು. ಹುಬ್ಬು ಗಂಟಿಕ್ಕಿದಾಗ ಬಂದು, ಬಿಟ್ಟಾಗ ಹೋಗುವ ಗೆರೆ ಸ್ನಾಯುವಿನದು. ಬಿಟ್ಟರೂ ಉಳಿಯುವ ಗೆರೆ ಚರ್ಮದಲ್ಲಿ ಅಚ್ಚಾಗಿರುವಂಥದ್ದು. ಅಂಗಾತ ಮಲಗಿ ಕನ್ನಡಿ ನೋಡಿಕೊಂಡಾಗ ದವಡೆಯ ಅಂಚು ನೇರವಾಗಿ ಕಂಡು, ಎದ್ದು ಕೂತಾಗ ಮತ್ತೆ ಜೋತುಬಿದ್ದರೆ ಅದು ಕೆಳಗಿಳಿದ ಮಾಂಸದ ಮಾತು.

2. “ಸನ್‌ಸ್ಕ್ರೀನ್, ರೆಟಿನಾಲ್: ಮನೆಯ ಆರೈಕೆಗೆ.”

ಪಟ್ಟಿಯಲ್ಲಿ ಇದು ಸಣ್ಣ ಅಕ್ಷರದ ಸಾಲು. ನನ್ನ ಮಟ್ಟಿಗೆ ಮೊದಲ ಸಾಲಾಗಬೇಕಾದದ್ದು ಇದೇ. ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 2012ರಲ್ಲಿ ಒಬ್ಬ ಟ್ರಕ್ ಚಾಲಕರ ಚಿತ್ರ ಪ್ರಕಟವಾಯಿತು. 69 ವರ್ಷದ ಅವರು 28 ವರ್ಷ ಸರಕು ಸಾಗಿಸುವ ವಾಹನ ಓಡಿಸಿದ್ದರು. ಕಿಟಕಿಯ ಕಡೆಗಿದ್ದ ಎಡಗೆನ್ನೆಯ ಚರ್ಮ ದಪ್ಪವಾಗಿ, ಆಳ ಸುಕ್ಕುಗಟ್ಟಿ, ಬಲಗೆನ್ನೆಗಿಂತ ಎಷ್ಟೋ ವರ್ಷ ಹೆಚ್ಚು ಮುಪ್ಪಾಗಿ ಕಾಣುತ್ತಿತ್ತು. ಬಿಸಿಲಿನ ಯು.ವಿ.ಎ. ಕಿರಣ ಕಿಟಕಿಯ ಗಾಜನ್ನು ದಾಟಿ ಬರುತ್ತದೆ, ಚರ್ಮದ ಆಳಕ್ಕೆ ಇಳಿದು ಕೊಲಾಜನ್ನನ್ನು ಹಾಳುಮಾಡುತ್ತದೆ. ನಮ್ಮ ಬಸ್ಸು, ಲಾರಿ, ಕ್ಯಾಬ್ ಓಡಿಸುವವರಿಗೆ ಕಿಟಕಿ ಬಲಗಡೆ. ಅವರ ಬಲಗೆನ್ನೆಗೆ ಇದೇ ಬಿಸಿಲು ತಾಗುತ್ತದೆ.

ತಡೆಯಬಹುದು ಎನ್ನುವುದಕ್ಕೂ ಸಾಕ್ಷಿಯಿದೆ. ಆಸ್ಟ್ರೇಲಿಯದ ನಂಬೂರ್ ಎಂಬ ಊರಿನಲ್ಲಿ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಮನಸ್ಸು ಬಂದಾಗ ಹಚ್ಚಿಕೊಂಡವರಿಗಿಂತ ದಿನವೂ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ಚರ್ಮದ ಮುಪ್ಪು ಶೇ. 24ರಷ್ಟು ಕಡಿಮೆ ಕಂಡಿತು. ಎಸ್.ಪಿ.ಎಫ್. 30 ಅಥವಾ ಹೆಚ್ಚಿನದು, ಮುಖ ಮತ್ತು ಕುತ್ತಿಗೆಗೆ ಸೇರಿ ಎರಡು ಬೆರಳುದ್ದ, ಬಿಸಿಲಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಇನ್ನು ರೆಟಿನಾಲ್, ಅಂದರೆ ವಿಟಮಿನ್ ಎ ಬಗೆಯ ಕ್ರೀಮು; ಅದಕ್ಕಿಂತ ಬಲವಾದದ್ದು ಟ್ರೆಟಿನಾಯಿನ್. ವೈದ್ಯರ ಚೀಟಿ ಬೇಕು. ಸಣ್ಣ ಸುಕ್ಕುಗಳನ್ನು ತಿಳಿಯಾಗಿಸುತ್ತದೆ, ಆದರೆ ಮೂರರಿಂದ ಆರು ತಿಂಗಳ ತಾಳ್ಮೆ ಬೇಕು. ಮೊದಲ ವಾರಗಳಲ್ಲಿ ಚರ್ಮ ಕೆಂಪಾಗಿ ಸುಲಿಯುವುದು ಸಾಮಾನ್ಯ. ಬಟಾಣಿ ಗಾತ್ರದಷ್ಟನ್ನು ರಾತ್ರಿ, ವಾರಕ್ಕೆರಡು ಸಲದಿಂದ ಶುರುಮಾಡುವುದು ಲೇಸು. ಬಸಿರಿಯರು ಬಳಸಬಾರದು. ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುವ, ಸ್ಟೀರಾಯ್ಡ್ ಬೆರೆತ “ಬೆಳ್ಳಗಾಗುವ” ಕ್ರೀಮುಗಳನ್ನು ದಯವಿಟ್ಟು ಮುಟ್ಟಬೇಡಿ. ಅವು ಚರ್ಮವನ್ನು ತೆಳ್ಳಗೆ ಮಾಡುತ್ತವೆ.

3. “ಬೊಟಾಕ್ಸ್: ಯೂನಿಟ್ ಲೆಕ್ಕದಲ್ಲಿ.”

ಇದು ಸ್ನಾಯುವಿನ ಗೆರೆಗೆ ಇರುವ ಮದ್ದು. ಇದರಲ್ಲಿರುವ ಬಾಟುಲಿನಂ ಟಾಕ್ಸಿನ್ ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ಸ್ನಾಯು ಸಡಿಲವಾಗಿ ಮೇಲಿನ ಚರ್ಮ ಮಡಚಿಕೊಳ್ಳುವುದು ನಿಲ್ಲುತ್ತದೆ. ಇದು ಹುಟ್ಟಿದ್ದು ಕಣ್ಣಿನ ಆಸ್ಪತ್ರೆಯಲ್ಲಿ. ಮೆಳ್ಳೆಗಣ್ಣಿಗೆ, ತಡೆಯಿಲ್ಲದೆ ಬಡಿಯುವ ರೆಪ್ಪೆಗೆ ಇದನ್ನು ಕೊಡುತ್ತಿದ್ದರು. ಕೆನಡಾದ ವ್ಯಾಂಕೂವರ್‌ನ ಕಣ್ಣಿನ ವೈದ್ಯೆ ಜೀನ್ ಕರೂದರ್ಸ್ ಅವರು ಇಂಜೆಕ್ಷನ್ ಪಡೆದವರ ಹುಬ್ಬಿನ ನಡುವಿನ ಗೆರೆ ಮಾಯವಾಗುವುದನ್ನು ಗಮನಿಸಿ, ಚರ್ಮವೈದ್ಯರಾದ ಪತಿ ಅಲಸ್ಟೇರ್ ಜೊತೆ 1992ರಲ್ಲಿ ಅದನ್ನು ಪ್ರಕಟಿಸಿದರು. ಹುಬ್ಬಿನ ಗೆರೆಗೆ ಅಮೆರಿಕದ ಎಫ್.ಡಿ.ಎ. ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ.

ಹಣೆ, ಹುಬ್ಬಿನ ನಡು, ಕಣ್ಣಂಚು ಇದರ ಒಳ್ಳೆಯ ಜಾಗಗಳು. ಕೆಲವೇ ದಿನಗಳಲ್ಲಿ ಕೆಲಸ ಶುರುವಾಗಿ ಎರಡು ವಾರಕ್ಕೆ ಪೂರ್ತಿ ಕಾಣುತ್ತದೆ, ಮೂರು ನಾಲ್ಕು ತಿಂಗಳು ನಿಲ್ಲುತ್ತದೆ. ಜೋತ ಕೆನ್ನೆಯನ್ನು ಇದು ಎತ್ತುವುದಿಲ್ಲ. ಹಣೆಯ ಸ್ನಾಯುವೇ ಹುಬ್ಬನ್ನು ಎತ್ತಿ ಹಿಡಿದಿರುವವರಿಗೆ ಹಣೆಗೆ ಹೆಚ್ಚು ಕೊಟ್ಟರೆ ಹುಬ್ಬು ಇಳಿದು ಕಣ್ಣು ಭಾರವಾಗುತ್ತದೆ.

“ಯೂನಿಟ್” ಎಂಬಲ್ಲಿ ಎಚ್ಚರ ಬೇಕು. ಬೊಟಾಕ್ಸ್ ಒಂದು ಬ್ರಾಂಡ್. ಹುಬ್ಬಿನ ನಡುವಿಗೆ ಅದರಲ್ಲಿ 20 ಯೂನಿಟ್ ಎಂದಿದ್ದರೆ ಡಿಸ್‌ಪೋರ್ಟ್ ಎಂಬ ಇನ್ನೊಂದರಲ್ಲಿ 50 ಯೂನಿಟ್. ಎರಡರ ಯೂನಿಟ್‌ಗಳು ಒಂದೇ ಅಲ್ಲ; ಆದ್ದರಿಂದ ಯೂನಿಟ್ ಬೆಲೆ ಹೋಲಿಸುವ ಮುಂಚೆ ಬ್ರಾಂಡ್ ಯಾವುದೆಂದು ಕೇಳಿ. ಬಸಿರಿಯರು, ಹಾಲುಣಿಸುವವರು, ಮಯಸ್ತೀನಿಯಾ ಗ್ರಾವಿಸ್‌ನಂಥ ನರಸ್ನಾಯು ರೋಗ ಇರುವವರು ಇದರಿಂದ ದೂರವಿರಬೇಕು.

4. “ಫಿಲ್ಲರ್: ಸಿರಿಂಜ್ ಲೆಕ್ಕದಲ್ಲಿ.”

ಇದು ಗುಳಿಬಿದ್ದ ಮುಖಕ್ಕೆ. ಹೆಚ್ಚು ಬಳಕೆಯಲ್ಲಿರುವುದು ಹಯಲುರೋನಿಕ್ ಆಸಿಡ್ ಎಂಬ ನೀರು ಹಿಡಿಯುವ ಜೆಲ್. ನಮ್ಮ ಚರ್ಮದಲ್ಲೂ ಸಹಜವಾಗಿ ಇರುವ ವಸ್ತು ಅದು. ಕೆನ್ನೆ, ಕಣ್ಣಿನ ಕೆಳಗಣ ಗುಳಿ, ಮೂಗಿನಿಂದ ಬಾಯಿಗಿಳಿಯುವ ಗೆರೆ ಇವಕ್ಕೆ ಸಲ್ಲುತ್ತದೆ. ಬಗೆ ಮತ್ತು ಜಾಗ ನೋಡಿಕೊಂಡು ಆರು ತಿಂಗಳಿಂದ ಒಂದೂವರೆ ವರ್ಷ ಬಾಳುತ್ತದೆ.

ಇದರ ದೊಡ್ಡ ಗುಣ, ಬೇಡವಾದರೆ ಕರಗಿಸಬಹುದು; ಹಯಲುರೋನಿಡೇಸ್ ಎಂಬ ಕಿಣ್ವದ ಇಂಜೆಕ್ಷನ್ ಇದೆ. ಇದರ ದೊಡ್ಡ ಅಪಾಯವೂ ಪಟ್ಟಿಯಲ್ಲಿರುವುದಿಲ್ಲ. ಜೆಲ್ ರಕ್ತನಾಳದೊಳಗೆ ಹೊಕ್ಕರೆ ರಕ್ತ ಹರಿಯುವುದು ನಿಂತು ಚರ್ಮ ಕೊಳೆಯಬಹುದು. ಅಪರೂಪವಾಗಿ ಕಣ್ಣಿನ ನಾಳ ಮುಚ್ಚಿ ದೃಷ್ಟಿಯೇ ಹೋಗಬಹುದು. ಮೂಗು ಮತ್ತು ಹುಬ್ಬಿನ ನಡು ಇದಕ್ಕೆ ಹೆಚ್ಚು ಅಪಾಯದ ಜಾಗಗಳು. ಚುಚ್ಚಿದ ಜಾಗ ಬೆಳ್ಳಗಾದರೆ, ಬಲೆಯಂಥ ನೀಲಿ ಕಲೆ ಮೂಡಿದರೆ, ತೀವ್ರ ನೋವು ಬಂದರೆ, ಕಣ್ಣು ಮಂಜಾದರೆ ಒಂದು ನಿಮಿಷವೂ ಕಾಯಬಾರದು. ಹಾಗಾಗಿ ಕರಗಿಸುವ ಕಿಣ್ವ ಕ್ಲಿನಿಕ್‌ನಲ್ಲೇ ಇದೆಯೇ ಎಂದು ಮೊದಲೇ ಕೇಳಿ. ಇಲ್ಲ ಎಂದರೆ ಎದ್ದು ಬನ್ನಿ. ಬ್ಯೂಟಿ ಪಾರ್ಲರಿನಲ್ಲಿ ಫಿಲ್ಲರ್ ಹಾಕಿಸಿಕೊಳ್ಳಬೇಡಿ ಎಂದು ನಾನು ಕೈಮುಗಿದು ಹೇಳುವುದು ಈ ಕಾರಣಕ್ಕೆ.

ಇನ್ನೊಂದು ಮಾತು: ಜೋತ ಮುಖವನ್ನು ಬರೀ ಫಿಲ್ಲರ್‌ನಿಂದ ಎತ್ತಲು ಹೊರಟರೆ ಸಿರಿಂಜಿನ ಮೇಲೆ ಸಿರಿಂಜು ಬೇಕಾಗುತ್ತದೆ, ಕೊನೆಗೆ ಮುಖ ಊದಿಕೊಂಡಂತೆ ಕಾಣುತ್ತದೆ.

5. “ಲೇಸರ್, ಪೀಲ್: ಆರು ಸಿಟ್ಟಿಂಗ್‌ಗಳ ಪ್ಯಾಕೇಜ್.”

ಇವು ಚರ್ಮದ ಮೇಲ್ಮೈಗೆ. ಆಡಿಸದಿದ್ದರೂ ಉಳಿಯುವ ಸಣ್ಣ ಗೆರೆ, ಒರಟು, ಬಿಸಿಲಿನ ಕಲೆ ಇವುಗಳ ಕೆಲಸ. ಫ್ರ್ಯಾಕ್ಷನಲ್ ಲೇಸರ್ ಚರ್ಮದಲ್ಲಿ ಸೂಕ್ಷ್ಮ ಗಾಯದ ಚುಕ್ಕೆಗಳನ್ನು ಮಾಡುತ್ತದೆ. ನಡುವೆ ಉಳಿದ ಒಳ್ಳೆಯ ಚರ್ಮ ಬೇಗ ಮಾಯಿಸುತ್ತದೆ, ಮಾಯುವಾಗ ಹೊಸ ಕೊಲಾಜನ್ ಹುಟ್ಟುತ್ತದೆ. ಪೀಲ್ ಇದೇ ಕೆಲಸವನ್ನು ಆಮ್ಲದಿಂದ ಮಾಡಿಸುತ್ತದೆ.

ನಮ್ಮ ಬಣ್ಣ ಇಲ್ಲಿ ಬಹಳ ಮುಖ್ಯ. ಫಿಟ್ಜ್‌ಪ್ಯಾಟ್ರಿಕ್ ಎಂಬ ಚರ್ಮವೈದ್ಯರು 1975ರಲ್ಲಿ ರೂಪಿಸಿದ ಅಳತೆಯಲ್ಲಿ ಭಾರತೀಯರಲ್ಲಿ ಹೆಚ್ಚಿನವರು ನಾಲ್ಕು, ಐದನೆಯ ದರ್ಜೆಯವರು. ಇಂಥ ಚರ್ಮ ಗಾಯವಾದಲ್ಲಿ ಕಪ್ಪಾಗುತ್ತದೆ. ಬಿಳಿ ಚರ್ಮಕ್ಕೆ ಹೊಂದಿಸಿದ ತೀವ್ರತೆಯನ್ನು ನಮ್ಮ ಮೇಲೆ ಬಿಟ್ಟರೆ ಸುಕ್ಕು ಹೋಗಿ ಕಪ್ಪುಕಲೆ ತಿಂಗಳುಗಟ್ಟಲೆ ಉಳಿಯಬಹುದು. ಆದ್ದರಿಂದ ಕಡಿಮೆ ತೀವ್ರತೆ, ಹೆಚ್ಚು ಸಲ, ಮುಂಚೆಯೂ ಆಮೇಲೂ ಕಟ್ಟುನಿಟ್ಟಾದ ಸನ್‌ಸ್ಕ್ರೀನ್. “ಕಂದು ಚರ್ಮದವರಿಗೆ ಮಾಡಿದ ಫೋಟೊ ತೋರಿಸಿ” ಎಂದು ಕೇಳುವುದು ಸಂಕೋಚಪಡುವ ವಿಷಯವಲ್ಲ. ಆರಕ್ಕೂ ಮುಂಗಡ ಕಟ್ಟುವ ಬದಲು ಒಂದು ಮಾಡಿಸಿ ಚರ್ಮ ಹೇಗೆ ಮಾಯುತ್ತದೆಂದು ನೋಡಿ ಮುಂದುವರಿಯುವುದು ಕ್ಷೇಮ. ಮಗಳ ಮದುವೆಗೆ ಮೂರು ವಾರ ಉಳಿದಿರುವಾಗ ಲೇಸರ್ ಶುರುಮಾಡಬಾರದು.

6. “ಹೈಫು, ಥ್ರೆಡ್ ಲಿಫ್ಟ್: ಆಪರೇಷನ್ ಇಲ್ಲದೆ ಫೇಸ್‌ಲಿಫ್ಟ್.”

ಈ ಸಾಲನ್ನು ನಾನು ಒಪ್ಪುವುದಿಲ್ಲ. ಎರಡೂ ಉಪಯೋಗವಿಲ್ಲದವು ಎಂದಲ್ಲ. ಆದರೆ ಫೇಸ್‌ಲಿಫ್ಟ್ ಮಾಡುವುದನ್ನು ಇವು ಮಾಡುವುದಿಲ್ಲ.

ಹೈಫು ಎಂದರೆ ಒಂದೆಡೆ ಕೇಂದ್ರೀಕರಿಸಿದ ಅಲ್ಟ್ರಾಸೌಂಡ್. ಚರ್ಮದ ಮೇಲ್ಪದರವನ್ನು ಸುಡದೆ 1.5, 3 ಅಥವಾ 4.5 ಮಿಲಿಮೀಟರ್ ಆಳದಲ್ಲಿ ಬಿಸಿ ಮುಟ್ಟಿಸುತ್ತದೆ. ಅಲ್ಲಿನ ನಾರು ಕುಗ್ಗಿ, ಮುಂದಿನ ಎರಡು ಮೂರು ತಿಂಗಳಲ್ಲಿ ಹೊಸ ಕೊಲಾಜನ್ ಕೂಡಿಕೊಂಡು ಸ್ವಲ್ಪ ಬಿಗಿ ಬರುತ್ತದೆ. ಸ್ವಲ್ಪ ಎಂಬುದನ್ನು ನೆನಪಿಡಿ. ಜೋಲು ಈಗಷ್ಟೇ ಶುರುವಾದವರಿಗೆ ಇದರಿಂದ ತೃಪ್ತಿ ಸಿಗಬಹುದು. ಕುತ್ತಿಗೆಯ ಚರ್ಮ ನೇತಾಡುವವರಿಗೆ ಸಿಗಲಾರದು. ಮುಖ ಮೊದಲೇ ತೆಳುವಾಗಿರುವವರಲ್ಲಿ ಕೊಬ್ಬು ಇನ್ನಷ್ಟು ಕರಗುವ ಭಯವೂ ಇದೆ.

ಥ್ರೆಡ್ ಲಿಫ್ಟ್‌ನಲ್ಲಿ ಮುಳ್ಳುಗಳಿರುವ ದಾರವನ್ನು ಚರ್ಮದಡಿ ತೂರಿಸಿ ಮೇಲೆಳೆಯುತ್ತಾರೆ. ಹೆಚ್ಚು ಬಳಸುವ ಪಿ.ಡಿ.ಒ. ದಾರ ಆಪರೇಷನ್ ಹೊಲಿಗೆಯಲ್ಲಿ ಬಳಸುವ ವಸ್ತುವೇ. ಸುಮಾರು ಆರು ತಿಂಗಳಲ್ಲಿ ದೇಹದಲ್ಲಿ ಕರಗುತ್ತದೆ. ಎತ್ತಿದ ರೂಪವೂ ಬಹಳ ಕಾಲ ನಿಲ್ಲುವುದಿಲ್ಲ. ಚರ್ಮ ಗುಳಿಬೀಳುವುದು, ದಾರ ಕೈಗೆ ಸಿಗುವುದು ಅಥವಾ ಹೊರಗೆ ಇಣುಕುವುದು, ಸೋಂಕು ಇದರ ತೊಂದರೆಗಳು. ಕೆಲವೇ ತಿಂಗಳ ಫಲಕ್ಕೆ ಮತ್ತೆ ಮತ್ತೆ ಕಟ್ಟುವ ಹಣವನ್ನು ಕೂಡಿಸಿ ನೋಡಿ, ಆಮೇಲೆ ಮುಂದಿನ ಸಾಲು ಓದಿ.

7. “ಫೇಸ್‌ಲಿಫ್ಟ್: ಡಾಕ್ಟರನ್ನು ಕಂಡು ಮಾತಾಡಿ.”

ಹಳೆಯ ಕಾಲದ ಫೇಸ್‌ಲಿಫ್ಟ್‌ನಲ್ಲಿ ಚರ್ಮವನ್ನು ಮಾತ್ರ ಎಳೆದು ಹೊಲಿಯುತ್ತಿದ್ದರು. ಮುಖ ಬಿಗಿದಂತೆ ಕಂಡು, ಫಲ ಬೇಗ ಸಡಿಲವಾಗುತ್ತಿತ್ತು. ಸ್ನಾಯುವನ್ನು ಹೊದ್ದ ಪೊರೆಯನ್ನು ಮಿಟ್ಸ್ ಮತ್ತು ಪೆರೋನಿ ಎಂಬ ಫ್ರಾನ್ಸ್‌ನ ಇಬ್ಬರು 1976ರಲ್ಲಿ ವಿವರಿಸಿದರು. ಎಸ್‌.ಎಂ.ಎ.ಎಸ್. ಎಂದು ಹೆಸರಾದ ಆ ಪೊರೆಯನ್ನೇ ಎತ್ತಿ ಕಟ್ಟಿದರೆ ಚರ್ಮದ ಮೇಲೆ ಎಳೆತ ಬೀಳುವುದಿಲ್ಲ, ಮುಖ ಸಹಜವಾಗಿ ಉಳಿಯುತ್ತದೆ. ಜೋತ ದವಡೆ ಮತ್ತು ಕುತ್ತಿಗೆಗೆ ಇಂದಿಗೂ ಇದಕ್ಕೆ ಸಾಟಿಯಾದದ್ದು ಇಲ್ಲ. ಫಲ ತಿಂಗಳುಗಳಲ್ಲಿ ಅಲ್ಲ, ವರ್ಷಗಳಲ್ಲಿ ಲೆಕ್ಕ ಹಾಕುವಂಥದ್ದು.

ಆದರೂ ಇದು ಆಪರೇಷನ್. ಕಿವಿಯ ಮುಂದಿನಿಂದ ಹಿಂದಕ್ಕೆ ಸುತ್ತುವ ಗಾಯ, ಎರಡು ಮೂರು ವಾರ ಬಾವು ಮತ್ತು ಕಂದುಗಟ್ಟಿದ ಕಲೆ. ಚರ್ಮದಡಿ ರಕ್ತ ಕಟ್ಟಿಕೊಳ್ಳುವುದು ಹೆಚ್ಚಾಗಿ ಕಾಣುವ ತೊಡಕು. ಮುಖದ ನರಕ್ಕೆ ಪೆಟ್ಟಾಗುವುದು ಅಪರೂಪ, ಆದರೆ ಗಂಭೀರ. ಬೀಡಿ ಸಿಗರೇಟು ಸೇದುವವರಲ್ಲಿ ಚರ್ಮಕ್ಕೆ ರಕ್ತ ಸಾಲದೆ ಕೊಳೆಯಬಹುದು. ವಾರಗಳ ಮುಂಚೆಯೇ ಬಿಡಬೇಕು. ಬಿ.ಪಿ. ಹತೋಟಿಯಲ್ಲಿರಬೇಕು. ತುಟಿಯ ಸುತ್ತಲಿನ ಸಣ್ಣ ಗೆರೆ ಇದರಿಂದ ಹೋಗುವುದಿಲ್ಲ. ಅದು ಐದನೆಯ ಸಾಲಿನ ಕೆಲಸ.

8. “ಮೊದಲ ಕನ್ಸಲ್ಟೇಷನ್ ಉಚಿತ. ಜಿ.ಎಸ್.ಟಿ. ಪ್ರತ್ಯೇಕ.”

ಉಚಿತ ಕನ್ಸಲ್ಟೇಷನ್‌ನಲ್ಲಿ ಎದುರು ಕೂತವರು ಯಾರು ಎಂಬುದು ಮುಖ್ಯ. ಅನೇಕ ಕಡೆ ಮೊದಲು ಮಾತಾಡುವವರು ಪ್ಯಾಕೇಜ್ ಮಾರುವ ಸಿಬ್ಬಂದಿ. ಚಿಕಿತ್ಸೆ ಮಾಡುವವರ ಹೆಸರು, ಓದು, ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳಿ. ಇಂಜೆಕ್ಷನ್, ಲೇಸರ್‌ಗೆ ಚರ್ಮರೋಗದಲ್ಲಿ ಸ್ನಾತಕೋತ್ತರ ಓದಿದವರು ಅಥವಾ ಪ್ಲಾಸ್ಟಿಕ್ ಸರ್ಜನ್. ಫೇಸ್‌ಲಿಫ್ಟ್‌ಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿ.ಎಚ್. ಅಥವಾ ಡಿ.ಎನ್.ಬಿ. ಆದವರು. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ (ಕೆ.ಪಿ.ಎಂ.ಇ.) ನೋಂದಣಿ ಇರಬೇಕು. ಟಾಕ್ಸಿನ್ ಸೀಸೆ, ಫಿಲ್ಲರ್ ಪೆಟ್ಟಿಗೆ ನಿಮ್ಮೆದುರೇ ತೆರೆಯಲಿ. ಬ್ಯಾಚ್ ಸಂಖ್ಯೆ, ಕೊನೆಯ ದಿನಾಂಕ ನೋಡಿ ಫೋಟೊ ತೆಗೆದುಕೊಳ್ಳಿ.

ಹಣದ ಮಾತನ್ನೂ ಮುಚ್ಚಿಡಬಾರದು. ರೋಗದ ಚಿಕಿತ್ಸೆಗೆ ಇರುವ ತೆರಿಗೆ ವಿನಾಯಿತಿ ಅಂದಕ್ಕಾಗಿ ಮಾಡಿಸುವ ಚಿಕಿತ್ಸೆಗೆ ಇಲ್ಲ. ಆರೋಗ್ಯ ವಿಮೆಯೂ ಸಾಮಾನ್ಯವಾಗಿ ಇದನ್ನು ಭರಿಸುವುದಿಲ್ಲ. ಟಾಕ್ಸಿನ್ ವರ್ಷಕ್ಕೆ ಮೂರು ಸಲವಾದರೂ ಬೇಕು. ಹಾಗಾಗಿ ಒಂದು ಸಲದ ಬೆಲೆಯನ್ನಲ್ಲ, ಮೂರು ವರ್ಷದ ಒಟ್ಟು ವೆಚ್ಚವನ್ನು ಲೆಕ್ಕ ಹಾಕಿ ಹೋಲಿಸಿ.

ಒಂದು ಮುಖಕ್ಕೆ ಎರಡು ಮೂರು ಸಾಲು ಸೇರಿ ಬೇಕಾಗುವುದೂ ಉಂಟು; ಹುಬ್ಬಿಗೆ ಟಾಕ್ಸಿನ್, ಕೆನ್ನೆಗೆ ಫಿಲ್ಲರ್, ಮೇಲ್ಮೈಗೆ ಟ್ರೆಟಿನಾಯಿನ್ ಎಂಬಂತೆ. ಒಳ್ಳೆಯ ವೈದ್ಯರು ಪ್ರತಿಯೊಂದಕ್ಕೂ ಯಾವ ಪದರಕ್ಕೆ, ಏಕೆ ಎಂದು ಹೇಳುತ್ತಾರೆ. “ನಿಮಗೆ ಈಗ ಏನೂ ಬೇಡ” ಎಂದು ಹೇಳುವ ಧೈರ್ಯವೂ ಅವರಿಗಿರುತ್ತದೆ. ಮಾಡಿಸಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ, ಬಿಡುವುದರಲ್ಲಿ ಸೋಲಿಲ್ಲ. ಮಾಡಿಸುವುದೇ ಆದರೆ ಯಾವ ಪದರಕ್ಕೆ ಎಂದು ನಿಮ್ಮ ಬಾಯಿಂದಲೇ ಹೇಳಬಲ್ಲಿರಾದ ದಿನ ಹಣ ಕಟ್ಟಿ, ಅದಕ್ಕೆ ಮೊದಲಲ್ಲ.